ನೀರಿನಲ್ಲಿ ಹೆಜ್ಜೆಯ ಗುರುತು

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವೇದಿಕೆಯೆಂದರೆ ಪಂಪ ರನ್ನರ ಮಾತು, ಶರಣರ ಮಾತು, ದಾಸರ ಮಾತು, ಹಂಪೆಯ ವೈಭವದ ಮಾತು ಬರುವುದು ವಾಡಿಕೆ. ಈ ಸಲ ನಮ್ಮ ಕಾರ್ಯದರ್ಶಿಗಳಿಗೆ ಏನು ತೋರಿತೋ ತಿಳಿಯದು, ಮನೆಗೆ ಬಂದು, "ತಾವು ಇಷ್ಟು ವರ್ಷ ನೀರಿನ ಪರೀಕ್ಷೆ ಮಾಡಿಕೊಂಡು ಬಂದವರು. ಅದನ್ನೇ ನಮ್ಮ ಮಾತಿನಲ್ಲಿ ಹೇಳಬಾರದೇಕೆ?" ಎಂದರು. ಆ ಗಳಿಗೆಯಲ್ಲಿ ಒಪ್ಪಿಕೊಂಡುಬಿಟ್ಟೆವು. ಆಮೇಲೆ ಯೋಚನೆ ಹತ್ತಿತು. ವಿಷಯ ಎಲೆಯ ಮುಂದೆ ಕುಳಿತು ಆಡತಕ್ಕದ್ದಲ್ಲ. ಭಾಷಣದ ನಂತರ ಬಿಸಿಬೇಳೆ ಭಾತು ಇದೆಯೆಂದು ಬೇರೆ ಕೇಳಿದ್ದೇವೆ. ನೀರಿನಲ್ಲಿ ಮಲ ಸೇರಿದೆಯೋ ಇಲ್ಲವೋ ಎಂಬುದನ್ನು ಪತ್ತೆ ಮಾಡುವುದು ಹೇಗೆ ಎಂಬುದು ಇಂದಿನ ವಿಷಯ. ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇವೆ, ಮನ್ನಿಸಬೇಕು.

ರಾಜ್ಯೋತ್ಸವಕ್ಕೂ ಇದಕ್ಕೂ ಏನು ನಂಟು ಎಂದು ತಾವು ಕೇಳಬಹುದು. ನಂಟು ಇದೆ. ನಮ್ಮ ಊರುಗಳಲ್ಲಿ ನವೆಂಬರ್ ಬರುವ ಹೊತ್ತಿಗೆ ಮಳೆಯ ಅಬ್ಬರ ಇಳಿದು ತೆನೆ ಬಾಗಿರುತ್ತದೆ. ಚೆನ್ನೈಯಲ್ಲಿ ಹಾಗಲ್ಲ. ಮುಂಗಾರು ಈ ಊರನ್ನು ಅರ್ಧ ಮರೆತೇ ಹೋಗುತ್ತದೆ. ಇಲ್ಲಿನ ಮಳೆ ಹಿಂಗಾರಿನ ಮಳೆ. ನಾವು ಹಳದಿ ಕೆಂಪು ಬಾವುಟ ಕಟ್ಟುವ ದಿನಗಳಲ್ಲೇ ಬೀದಿಗಳಲ್ಲಿ ನೀರು ನಿಲ್ಲುತ್ತದೆ, ಚರಂಡಿ ಉಕ್ಕುತ್ತದೆ, ಮ್ಯಾನ್‌ಹೋಲಿನ ಮುಚ್ಚಳ ತೇಲುತ್ತದೆ. ವರ್ಷದಲ್ಲಿ ಒಂದು ತಿಂಗಳು ನೀರನ್ನು ನಂಬಬಾರದು ಎನ್ನುವುದಾದರೆ ಆ ತಿಂಗಳು ರಾಜ್ಯೋತ್ಸವದ ತಿಂಗಳೇ.

ಇನ್ನೊಂದು ನಂಟು ನಲ್ಲಿಯಲ್ಲೇ ಇದೆ. 1996ರಲ್ಲಿ ತೆಲುಗು ಗಂಗಾ ಯೋಜನೆಯ ಕಾಲುವೆಯಲ್ಲಿ ಕೃಷ್ಣೆಯ ನೀರು ಪೂಂಡಿ ಜಲಾಶಯಕ್ಕೆ ಬಂದಿತು. ವಿಜಯಪುರ, ರಾಯಚೂರುಗಳನ್ನು ಕಂಡು ಬಂದ ನೀರು. 2004ರಿಂದ ವೀರಾಣಂ ಕೆರೆಯ ನೀರು ಇನ್ನೂರು ಕಿಲೋಮೀಟರಿಗೂ ಉದ್ದದ ಕೊಳವೆಯಲ್ಲಿ ಈ ಊರಿಗೆ ಬರುತ್ತಿದೆ. ಆ ಕೆರೆಯನ್ನು ತುಂಬಿಸುವುದು ಕೊಳ್ಳಿಡಂ, ಎಂದರೆ ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ಕಾವೇರಿಯ ಕವಲು. ನಾವು ಹೊಟ್ಟೆಪಾಡಿಗೆಂದು ಮದರಾಸಿಗೆ ಬಂದೆವು. ಕೃಷ್ಣೆ ಕಾವೇರಿಯರು ಹಿಂದೆಯೇ ಬಂದರು. ಆದರೆ ಬರುವ ದಾರಿಯಲ್ಲಿ ಎಷ್ಟು ಊರು, ಎಷ್ಟು ಪಟ್ಟಣ, ಎಷ್ಟು ಜನ! ಪ್ರತಿಯೊಂದು ಊರೂ ಹೊಳೆಗೆ ಏನೋ ಒಂದನ್ನು ಕೊಟ್ಟೇ ಕಳುಹಿಸುತ್ತದೆ. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂದು ಹಿರಿಯರು ಹೇಳುತ್ತಿದ್ದುದು ಊರಿಗೊಂದು ಹೊಳೆ, ಹೊಳೆಗೊಂದೇ ಊರು ಇದ್ದ ಕಾಲದ ಮಾತು.

ಒಂದು ಘಟನೆಯಿಂದ ತೊಡಗುತ್ತೇವೆ. ಕೆಲವು ವರ್ಷಗಳ ಹಿಂದೆ ನಾವಿದ್ದ ವಸತಿಯಲ್ಲಿ 16 ಮನೆಗಳು, ಎಲ್ಲಕ್ಕೂ ಸೇರಿ ಅಂಗಳದಲ್ಲಿ ಒಂದೇ ಸಂಪು. ಮೆಟ್ರೋ ವಾಟರ್ ಬಂದ ದಿನ ಅದು, ಸಾಲದ ದಿನ ಲಾರಿಯ ನೀರು, ಎಲ್ಲವೂ ಆ ಸಂಪಿಗೇ ಬೀಳಬೇಕು; ಅಲ್ಲಿಂದ ಮೋಟಾರು ಮೇಲಿನ ಟ್ಯಾಂಕಿಗೆ ಏರಿಸಬೇಕು. ನವೆಂಬರಿನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ನಾಲ್ಕನೆಯ ದಿನ ಮೂರು ಮಕ್ಕಳಿಗೆ ವಾಂತಿ ಭೇದಿ. ಹಬ್ಬದ ತಿಂಡಿ ಅಜೀರ್ಣವಾಗಿದೆ ಎಂದರು. ಒಂದು ವಾರದಲ್ಲಿ ಮತ್ತೆ ನಾಲ್ವರು ಮಲಗಿದರು. ನಿವಾಸಿಗಳ ಸಭೆ ಸೇರಿತು. ನೀರಿನ ಮಾತು ನಾವೇ ತೆಗೆದೆವು.

"ನೀರಿಗೇನಾಗಿದೆ ಸ್ವಾಮಿ, ಕನ್ನಡಿಯ ಹಾಗಿದೆ" ಎಂದರು ಒಬ್ಬರು. ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಹೋಟೆಲಿನ ರಾಯರಿದ್ದರು. ಕಾಫಿಯ ಡಿಕಾಕ್ಷನ್ ಒಂದು ಗುಟುಕು ಕುಡಿದು ಚಿಕೋರಿ ಎಷ್ಟು ಬೆರೆತಿದೆಯೆಂದು ಹೇಳಬಲ್ಲ ನಾಲಗೆ ಅವರದು. ಒಂದು ಲೋಟ ನೀರು ತರಿಸಿ, ಬಾಯಲ್ಲಿ ಹೊರಳಿಸಿ ನುಂಗಿ, "ರುಚಿಯಲ್ಲಿ ಏನೂ ದೋಷವಿಲ್ಲ ಮಾರಾಯ್ರೆ" ಎಂದು ತೀರ್ಪು ಕೊಟ್ಟರು. ಸಭೆ ಒಪ್ಪಿತು. ಒಂದು ವೇಳೆ ನೀರೇ ಕೆಟ್ಟಿದ್ದರೆ ಅದು ಬೀದಿಯ ಕೊಳವೆಯಿಂದ ಬಂದ ದೋಷವೇ ಸರಿಯೆಂದು, ನೀರು ಕೊಡುವ ಕಚೇರಿಗೆ ಒಂದು ದೂರಿನ ಕಾಗದವನ್ನೂ ಬರೆದು 16 ಮನೆಯವರ ಸಹಿ ಹಾಕಿಸಿಟ್ಟುಕೊಂಡರು.

ರಾಯರ ನಾಲಗೆಯನ್ನು ನಾವು ಹಳಿಯುವುದಿಲ್ಲ. ಲೆಕ್ಕವೇ ಹಾಗಿದೆ, ನೋಡಿ. ಮನುಷ್ಯನ ಒಂದು ಗ್ರಾಂ ಮಲದಲ್ಲಿ ನಾವು ಮುಂದೆ ಹೇಳಲಿರುವ ಒಂದು ಜಾತಿಯ ಜೀವಾಣುಗಳೇ ಹತ್ತು ಕೋಟಿಯಷ್ಟಿರುವುದು ಅಪರೂಪವಲ್ಲ. ಆ ಒಂದು ಗ್ರಾಂ 10,000 ಲೀಟರಿನ ಸಂಪಿಗೆ ಬಿದ್ದು ಚೆನ್ನಾಗಿ ಬೆರೆಯಿತೆನ್ನೋಣ. ಬಣ್ಣ ಕೆಡುವುದಿಲ್ಲ, ವಾಸನೆ ಬರುವುದಿಲ್ಲ, ರುಚಿ ಬದಲಾಗುವುದಿಲ್ಲ. ಆದರೂ 100 ಮಿಲಿಲೀಟರ್ ನೀರಿನಲ್ಲಿ, ಎಂದರೆ ಅರ್ಧ ಲೋಟದಲ್ಲಿ, ಸಾವಿರ ಜೀವಾಣುಗಳಿರುತ್ತವೆ. ಕಣ್ಣು ಮೂಗು ನಾಲಗೆಗಳು ಕೈಚೆಲ್ಲುವ ಈ ಜಾಗದಲ್ಲೇ ಪರೀಕ್ಷೆಯ ಕೆಲಸ ಶುರುವಾಗುವುದು.

ಹಾಗಾದರೆ ರೋಗದ ಕ್ರಿಮಿಯನ್ನೇ ಹುಡುಕಬಾರದೆ? ನ್ಯಾಯವಾದ ಪ್ರಶ್ನೆ. 1854ರಲ್ಲಿ ಲಂಡನ್ನಿನ ಜಾನ್ ಸ್ನೋ ಎಂಬ ವೈದ್ಯ ಕಾಲರಾ ಹರಡುತ್ತಿರುವುದು ಒಂದು ಬೀದಿಯ ಪಂಪಿನ ನೀರಿನಿಂದ ಎಂದು, ಕ್ರಿಮಿಯನ್ನು ಕಾಣದೆಯೇ, ಸತ್ತವರ ಮನೆಗಳ ಲೆಕ್ಕದಿಂದ ತೋರಿಸಿದ. 1884ರಲ್ಲಿ ರಾಬರ್ಟ್ ಕಾಖ್ ನಮ್ಮ ಕಲ್ಕತ್ತೆಗೇ ಬಂದು, ಒಂದು ಪುಷ್ಕರಿಣಿಯ ನೀರಿನಲ್ಲಿ ಕಾಲರಾ ಕ್ರಿಮಿಯನ್ನು ಕಂಡ. ಇಷ್ಟು ಗೊತ್ತಾದ ಮೇಲೂ ದಿನದಿನದ ಪರೀಕ್ಷೆಗೆ ಆ ದಾರಿ ಒದಗಲಿಲ್ಲ. ನೀರಿನಿಂದ ಬರುವ ರೋಗ ಒಂದಲ್ಲ: ಕಾಲರಾ, ವಿಷಮಶೀತಜ್ವರ, ಆಮಶಂಕೆ, ಕಾಮಾಲೆ, ಹೀಗೆ ಪಟ್ಟಿ ದೊಡ್ಡದು. ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ. ರೋಗಿ ಇದ್ದಾಗ ಕ್ರಿಮಿ ನೀರಿಗೆ ಬರುತ್ತದೆ, ಇಲ್ಲದಾಗ ಇಲ್ಲ; ಬಂದರೂ ಅಲ್ಲೊಂದು ಇಲ್ಲೊಂದು. ಅದು ಸಿಕ್ಕುವ ಹೊತ್ತಿಗೆ ನೀರು ಕುಡಿದು ಆಗಿರುತ್ತದೆ.

ನಮ್ಮ ಕಡೆಯ ರೈತ ಏನು ಮಾಡುತ್ತಾನೆ? ರಾತ್ರಿ ತೋಟಕ್ಕೆ ದನ ನುಗ್ಗಿತೇ ಎಂದು ತಿಳಿಯಲು ಅವನು ದನವನ್ನೇ ಕಾಣಬೇಕಾಗಿಲ್ಲ. ಬೆಳಗ್ಗೆ ಪಾತಿಯಲ್ಲಿ ಗೊರಸಿನ ಗುರುತು ಇದ್ದರೆ ಸಾಕು, ಬೇಲಿ ಎಲ್ಲಿ ಮುರಿದಿದೆಯೆಂದು ನೋಡಲು ಹೊರಡುತ್ತಾನೆ. ನೀರಿನ ಪರೀಕ್ಷೆಯೂ ಇದೇ ಜಾಡು. ರೋಗದ ಕ್ರಿಮಿ ಬರುವುದು ಮಲದ ಜೊತೆಯಲ್ಲಿ. ಎಲ್ಲರ ಮಲದಲ್ಲೂ, ರೋಗವಿರಲಿ ಇಲ್ಲದಿರಲಿ, ಯಾವಾಗಲೂ ಕೋಟಿಗಟ್ಟಲೆ ಇರುವ ಒಂದು ಜೀವಾಣು ಸಿಕ್ಕಿದರೆ, ಅದು ಬೇರೆಲ್ಲೂ ಹುಟ್ಟದ್ದಾದರೆ, ನೀರಿನಲ್ಲಿ ತನ್ನಷ್ಟಕ್ಕೆ ಬೆಳೆಯದೆ ರೋಗಕ್ರಿಮಿಗಳಿಗಿಂತ ಒಂದಿಷ್ಟು ಹೆಚ್ಚು ಕಾಲ ಬದುಕಿರುವುದಾದರೆ, ಅದೇ ಗೊರಸಿನ ಗುರುತು. ಇಂಥದನ್ನು ಸೂಚಕ ಜೀವಾಣು ಎನ್ನುತ್ತೇವೆ.

ಇದನ್ನು ಮೊದಲು ವಿವರಿಸಿದವನು ತಿಯೋಡರ್ ಎಷರಿಕ್ ಎಂಬ ಮಕ್ಕಳ ವೈದ್ಯ, 1885ರಲ್ಲಿ. ಎಳೆಗೂಸುಗಳ ಕರುಳನ್ನು ಕುರಿತು ಅಭ್ಯಾಸ ಮಾಡುತ್ತಿದ್ದಾಗ ಅವನಿಗೆ ಕಡ್ಡಿಯಾಕಾರದ ಈ ಜೀವಾಣು ಕಂಡಿತು. ಅವನ ಹೆಸರಿನಿಂದಲೇ ಅದು ಈಗ ಎಷರೀಷಿಯ ಕೋಲೈ, ಚುಟುಕಾಗಿ ಈ ಕೋಲೈ. ಅದರಲ್ಲಿ ಕೆಲವು ತಳಿಗಳು ಉಪದ್ರವಕಾರಿಗಳಾದರೂ ಬಹುಪಾಲು ಸಾಧುಗಳು. ಇಲ್ಲಿ ಕುಳಿತಿರುವ ನಮ್ಮೆಲ್ಲರ ಕರುಳಿನಲ್ಲೂ ಈಗ ಇವೆ. ಜಾತಿ, ಮತ, ಭಾಷೆ ಯಾವುದನ್ನೂ ಅದು ಕೇಳುವುದಿಲ್ಲ. ಕನ್ನಡಿಗನದು ಬೇರೆ, ತಮಿಳನದು ಬೇರೆ ಎಂದು ಹೇಳಬಲ್ಲ ಪರೀಕ್ಷೆಯನ್ನು ನಾವು ಕಾಣೆವು.

ಅದನ್ನು ಹಿಡಿಯುವ ಬಗೆ ಹೆಂಗಸರಿಗೆ ನಮಗಿಂತ ಬೇಗ ತಿಳಿಯುತ್ತದೆ. ಇಡ್ಲಿಯ ಹಿಟ್ಟು ರಾತ್ರಿ ಕಳೆದು ಬೆಳಗಾಗುವುದರೊಳಗೆ ಏಕೆ ಉಬ್ಬುತ್ತದೆ? ಕಣ್ಣಿಗೆ ಕಾಣದ ಜೀವಿಗಳು ಹಿಟ್ಟನ್ನು ತಿಂದು ಗಾಳಿ ಬಿಡುತ್ತವೆ, ಹುಳಿ ಮಾಡುತ್ತವೆ. ಪ್ರಯೋಗಶಾಲೆಯಲ್ಲೂ ಇದೇ ಅಡುಗೆ. ಹಾಲಿನ ಸಕ್ಕರೆ ಬೆರೆಸಿದ ಸಾರನ್ನು ಗಾಜಿನ ನಳಿಕೆಗಳಲ್ಲಿ ತುಂಬುತ್ತೇವೆ. ಅದಕ್ಕೆ ಪಿತ್ತದ ಲವಣವನ್ನೂ ಸೇರಿಸುವುದುಂಟು. ಮ್ಯಾಕಾಂಕಿ ಎಂಬವನು 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬಳಕೆಗೆ ತಂದ ಉಪಾಯವಿದು. ಕರುಳಿನಲ್ಲಿ ಬಾಳಿದ್ದಕ್ಕೆ ಪಿತ್ತ ಒಗ್ಗಿರುತ್ತದೆ, ಮಿಕ್ಕ ಬಹಳ ಜೀವಿಗಳಿಗೆ ಒಗ್ಗುವುದಿಲ್ಲ. ಪ್ರತಿ ನಳಿಕೆಯೊಳಗೆ ಒಂದು ಪುಟ್ಟ ನಳಿಕೆಯನ್ನು ಬೋರಲಾಗಿ ಮುಳುಗಿಸಿಟ್ಟಿರುತ್ತೇವೆ. ಪರೀಕ್ಷೆಯ ನೀರನ್ನು ಐದು ನಳಿಕೆಗಳಿಗೆ 10 ಮಿಲಿಲೀಟರಿನಂತೆ, ಮತ್ತೈದಕ್ಕೆ 1 ಮಿಲಿಲೀಟರಿನಂತೆ, ಇನ್ನೈದಕ್ಕೆ ಅದರ ಹತ್ತನೆಯ ಒಂದರಂತೆ ಹಾಕಿ, ಮೈಯ ಬಿಸಿಯಷ್ಟು ಶಾಖದಲ್ಲಿ ಒಂದೆರಡು ದಿನ ಇಡುತ್ತೇವೆ. ಕೋಲಿಫಾರ್ಮ್ ಕುಟುಂಬದ ಜೀವಾಣುವಿದ್ದರೆ ಹುಳಿಯಾಗುತ್ತದೆ, ಪುಟ್ಟ ನಳಿಕೆಯ ತಲೆಯಲ್ಲಿ ಗಾಳಿಯ ಗುಳ್ಳೆ ನಿಲ್ಲುತ್ತದೆ. ಎಷ್ಟು ನಳಿಕೆಯಲ್ಲಿ ಗುಳ್ಳೆ ನಿಂತಿತೆಂದು ಎಣಿಸಿ, ಸಂಭವಗಣಿತದ ಕೋಷ್ಟಕ ನೋಡಿ, 100 ಮಿಲಿಲೀಟರಿಗೆ ಇಷ್ಟಿರಬಹುದು ಎಂದು ಹೇಳುತ್ತೇವೆ. ಅದಕ್ಕೆ ಅತ್ಯಂತ ಸಂಭವನೀಯ ಸಂಖ್ಯೆ ಎಂದು ಹೆಸರು. ನೋಡಿ ಎಣಿಸಿದ ತಲೆಗಳ ಲೆಕ್ಕ ಅದಲ್ಲ, ಅಂದಾಜು. ಹದಿನೈದು ನಳಿಕೆಗಳಲ್ಲೂ ಗುಳ್ಳೆ ಬಂದರೆ 1600 ಅಥವಾ ಅದಕ್ಕೂ ಹೆಚ್ಚು ಎಂದು ಬರೆದು ಕೈಮುಗಿಯಬೇಕು.

ಇಲ್ಲೊಂದು ತೊಡಕುಂಟು. ಕೋಲಿಫಾರ್ಮ್ ಕುಟುಂಬದವರೆಲ್ಲ ಕರುಳಿನವರಲ್ಲ. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಹುಲ್ಲಿನಲ್ಲಿ ಬಾಳುವ ದಾಯಾದಿಗಳೂ ಇವೆ. ಅವನ್ನು ಬೇರ್ಪಡಿಸಲು ದಾರಿ ತೋರಿಸಿದವನು ಡಚ್ಚರವನಾದ ಐಕ್‌ಮನ್, 1904ರಲ್ಲಿ. ಪಾಲಿಷ್ ಮಾಡಿದ ಅಕ್ಕಿ ತಿಂದರೆ ಬೆರಿಬೆರಿ ಬರುವ ಗುಟ್ಟನ್ನು ಜಾವಾದ ಕೋಳಿಗಳಲ್ಲಿ ಕಂಡು 1929ರಲ್ಲಿ ನೊಬೆಲ್ ಪಡೆದವನೂ ಇವನೇ. ಅನ್ನ ಉಣ್ಣುವ ನಮಗೆ ಎರಡು ಬಗೆಯ ಉಪಕಾರ ಮಾಡಿದ. ಶಾಖವನ್ನು ಏರಿಸಿದರೆ ಮಣ್ಣಿನವು ಸೋಲುತ್ತವೆ, ಕರುಳಿನವು ತಾಳುತ್ತವೆ ಎಂಬುದು ಅವನ ಕಾಣ್ಕೆ. ಅವನು 46 ಡಿಗ್ರಿ ಇಟ್ಟಿದ್ದ. ಈಗ ಇಡುವುದು 44.5 ಡಿಗ್ರಿ ಸೆಲ್ಸಿಯಸ್. ಚೆನ್ನೈಯ ಅಗ್ನಿನಕ್ಷತ್ರದ ಬಿಸಿಲನ್ನು ನೆನೆದುಕೊಳ್ಳಿ. ಆ ಕಾವಿನಲ್ಲೂ ಗಾಳಿ ಬಿಟ್ಟು ಬೆಳೆಯುವುದನ್ನು ಮಲಮೂಲದ ಕೋಲಿಫಾರ್ಮ್ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.

ಈ ವಿದ್ಯೆ ಮದರಾಸಿಗೆ ಹೊಸದಲ್ಲ. 1772ರಲ್ಲಿ ಕೋಟೆಗೆ ನೀರು ಕೊಡಲು ಕಂಪನಿಯವರು ತೊಡಗಿಸಿದ ಏಳು ಬಾವಿಗಳ ಹೆಸರು ಜಾರ್ಜ್ ಟೌನಿನ ಆ ಬಡಾವಣೆಯಲ್ಲಿ ಇಂದಿಗೂ ಉಳಿದಿದೆ. 1872ರಲ್ಲಿ ರೆಡ್ ಹಿಲ್ಸ್ ಕೆರೆಯ ನೀರು ತೆರೆದ ಕಾಲುವೆಯಲ್ಲಿ ಊರಿಗೆ ಬಂದಿತು. ಅದನ್ನು ಸೋಸದೆಯೇ ಜನ ಕುಡಿದರು. ಕೀಲ್ಪಾಕದಲ್ಲಿ ಮರಳಿನ ಸೋಸುಗಟ್ಟೆಗಳು ಆದುದು 1914ರಲ್ಲಿ. ಸಿಡುಬಿನ ಲಸಿಕೆಗಾಗಿ 1899ರಲ್ಲಿ ಗಿಂಡಿಯಲ್ಲಿ ಹುಟ್ಟಿದ ಕಿಂಗ್ ಸಂಸ್ಥೆ ಮುಂದೆ ಜೀವಾಣುಗಳ ಅಭ್ಯಾಸದ, ನೀರಿನ ಪರೀಕ್ಷೆಯ ಮನೆಯಾಯಿತು. 1912ರಲ್ಲಿ ಕ್ಲೆಮೆಷಾ ಎಂಬ ಅಧಿಕಾರಿ ಉಷ್ಣದೇಶದ ಕೆರೆ ಹೊಳೆಗಳ ಜೀವಾಣುಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದ. ಈ ಕುಟುಂಬದಲ್ಲಿ ಕೆಲವು ನಮ್ಮ ಬಿಸಿಲಿಗೆ ಬೇಗ ಸಾಯುತ್ತವೆ, ಕೆಲವು ತಡೆದುಕೊಳ್ಳುತ್ತವೆ, ಆದ್ದರಿಂದ ಇಂಗ್ಲೆಂಡಿನ ಅಳತೆಗೋಲನ್ನು ಇಲ್ಲಿಗೆ ಹಾಗೆಯೇ ತರಲಾಗದು ಎಂಬ ವಿಚಾರ ಆಗಲೇ ಎದ್ದಿತ್ತು. 1939ರಲ್ಲಿ ರಾಘವಾಚಾರಿ, ಅಯ್ಯರ್ ಎಂಬಿಬ್ಬರು ನಿಲ್ಲಿಸಿಟ್ಟ ನೀರಿನಲ್ಲಿ ಕೋಲಿಫಾರ್ಮ್‌ಗಳು ಎಷ್ಟು ಕಾಲ ಬದುಕಿರುತ್ತವೆ ಎಂಬುದನ್ನು ಭಾರತದ ವೈದ್ಯ ಸಂಶೋಧನ ಪತ್ರಿಕೆಯಲ್ಲಿ ಬರೆದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಬೆಚ್ಚನೆಯ ನಾಡುಗಳ ಒದ್ದೆ ಮಣ್ಣಿನಲ್ಲಿ ಈ ಕೋಲೈ ಕೂಡ ನೆಲೆಯೂರಿ ಬೆಳೆಯಬಲ್ಲದೆಂದು ಹವಾಯಿಯಂಥ ದ್ವೀಪಗಳಲ್ಲಿ ಆಮೇಲೆ ಕಂಡುಬಂದಿತು.

ಎಂದರೆ, ಗುರುತು ಕಂಡರೆ ಬೇಲಿ ನೋಡಬೇಕು. ಆದರೆ ಗುರುತು ಕಾಣದಿದ್ದರೆ ದನ ಬರಲಿಲ್ಲವೆಂದು ನಿದ್ದೆ ಮಾಡಬಹುದೆ? ಇದಕ್ಕೆ ಉತ್ತರವಾಗಿ ದಿಲ್ಲಿಯ ಕತೆಯನ್ನು ಹೇಳಬೇಕು. 1955ರಲ್ಲಿ ಯಮುನೆಯ ಪ್ರವಾಹ ಇಳಿದಾಗ ಹೊಳೆ ತನ್ನ ಜಾಡನ್ನು ಬದಲಿಸಿ, ನಜಫಗಢ ನಾಲೆಯ ಕೊಳಚೆ ಹಿಂದಕ್ಕೆ ಸರಿದು ವಜೀರಾಬಾದಿನಲ್ಲಿ ಊರಿಗೆ ನೀರೆತ್ತುವ ಜಾಗವನ್ನು ಸೇರಿಕೊಂಡಿತು. ನೀರು ಕೆಟ್ಟಿದೆಯೆಂದು ತಿಳಿದ ಎಂಜಿನಿಯರರು ಕ್ಲೋರಿನನ್ನು ಹೆಚ್ಚಿಸಿದರು. ಜೀವಾಣುಗಳು ಸತ್ತವು; ವಿಷಮಶೀತಜ್ವರ ಊರಿನಲ್ಲಿ ಏರಲಿಲ್ಲ. ಆದರೆ ಕೆಲವು ವಾರಗಳ ನಂತರ, ಡಿಸೆಂಬರಿನಿಂದ 1956ರ ಜನವರಿಯವರೆಗೆ, ಸುಮಾರು 29,300 ಜನರಿಗೆ ಕಾಮಾಲೆಯಾಯಿತು. ಆ ಕ್ಲೋರಿನಿಗೆ ಜೀವಾಣು ಬಗ್ಗಿತ್ತು, ವೈರಸ್ಸು ಬಗ್ಗಿರಲಿಲ್ಲ. ಜೋಪಾನವಾಗಿಟ್ಟಿದ್ದ ಆ ರೋಗಿಗಳ ರಕ್ತವನ್ನು ಕಾಲು ಶತಮಾನದ ಮೇಲೆ ಮತ್ತೆ ಪರೀಕ್ಷಿಸಿದಾಗ ಅದು ಆಗ ತಿಳಿದಿದ್ದ ಕಾಮಾಲೆಯೇ ಅಲ್ಲ, ಬೇರೊಂದು ಎಂದು ಗೊತ್ತಾಯಿತು. ಅದನ್ನು ಈಗ ಹೆಪಟೈಟಿಸ್ ಇ ಎನ್ನುತ್ತಾರೆ. ಬಸುರಿ ಹೆಂಗಸರಿಗೆ ಅದು ವಿಶೇಷವಾಗಿ ಅಪಾಯಕರ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ಲೋರಿನಿಗೆ ಜಗ್ಗದ ಇನ್ನೊಂದು ಪರೋಪಜೀವಿ ನಲ್ಲಿಯ ನೀರಿನಲ್ಲಿ ಬಂದು ನಾಲ್ಕು ಲಕ್ಷ ಜನರನ್ನು ಮಲಗಿಸಿತು. ಸಿರಿವಂತ ದೇಶವೆಂದು ನೀರು ಬಿಡಲಿಲ್ಲ.

ನಮ್ಮ ಊರಿನ ಹೆಸರೂ ಇಂಥ ಚರಿತ್ರೆಯಲ್ಲಿ ಸೇರಿದೆ. 1992ರ ಕೊನೆಯಲ್ಲಿ ಇದೇ ಮದರಾಸಿನಲ್ಲಿ ಕಾಣಿಸಿಕೊಂಡ ಕಾಲರಾ ಅದುವರೆಗಿನ ಕಾಲರಾ ತಳಿಯದಾಗಿರಲಿಲ್ಲ. ಆಮೇಲೆ ಕಲ್ಕತ್ತ, ಬಾಂಗ್ಲಾದೇಶಗಳಲ್ಲಿ ಹಬ್ಬಿ ಓ 139 ಎಂದು ಪ್ರಸಿದ್ಧವಾಯಿತು. ಕಾಲರಾ ಕ್ರಿಮಿಗೆ ಉಪ್ಪು ಬೆರೆತ ಹಿನ್ನೀರು ತವರುಮನೆ. ಕಣ್ಣಿಗೆ ಕಾಣದಷ್ಟು ಸಣ್ಣ ಸಿಗಡಿಯಂಥ ಜಲಪ್ರಾಣಿಗಳ ಮೈಗೆ ಅಂಟಿಕೊಂಡು ಅಲ್ಲೇ ಬಾಳುತ್ತದೆ. ಅಲ್ಲಿ ಅದಿದೆಯೋ ಇಲ್ಲವೋ ಎಂಬುದನ್ನು ಈ ಕೋಲೈ ಹೇಳಲಾರದು. ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದ ನೀರನ್ನು ಕುಡಿದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ ಅರ್ಧದಷ್ಟು ಇಳಿಯಿತೆಂದು 2003ರಲ್ಲಿ ಪ್ರಕಟವಾಯಿತು. ಬಟ್ಟೆಯಲ್ಲಿ ಶೋಧಿಸಿ ಕೊಡಕ್ಕೆ ತುಂಬುತ್ತಿದ್ದ ನಮ್ಮ ಅಜ್ಜಿಯಂದಿರು ಸುಮ್ಮನೆ ಮಾಡುತ್ತಿರಲಿಲ್ಲ. ಆದರೆ ಅವರ ಮಡಿಯ ನೀರಿನ ವಿಚಾರ ಬೇರೆ. ಯಾರೂ ಮುಟ್ಟಬಾರದೆಂದು ನಸುಕಿನಲ್ಲೇ ಹಿತ್ತಲ ಬಾವಿಯಿಂದ ಸೇದಿ ತರುತ್ತಿದ್ದರು. ಅದೇ ಹಿತ್ತಲಿನಲ್ಲಿ, ಹತ್ತು ಮಾರು ದೂರವೂ ಇಲ್ಲದೆ, ಪಾಯಿಖಾನೆಯ ಗುಂಡಿ. ನೆಲದ ಮೇಲೆ ಮುಟ್ಟುವವರನ್ನು ತಡೆದರು, ನೆಲದ ಅಡಿಯಲ್ಲಿ ಮುಟ್ಟುವುದನ್ನು ತಡೆಯುವವರಾರು? ಬಾವಿಗೂ ಗುಂಡಿಗೂ ನಡುವೆ 50 ಅಡಿಯಾದರೂ ಇರಬೇಕೆಂಬುದು ಆರೋಗ್ಯಶಾಸ್ತ್ರದ ಹಳೆಯ ನಿಯಮ. ಚೆನ್ನೈಯ ಅರ್ಧ ಗ್ರೌಂಡಿನ ನಿವೇಶನದಲ್ಲಿ ಐವತ್ತು ಅಡಿ ಎಲ್ಲಿಂದ ತರುವುದು?

ಕೂವಂ ನದಿಯ ಮಾತಿಗೆ ಹೆಚ್ಚು ಹೊತ್ತು ಬೇಡ. ಅಲ್ಲಿ ಪ್ರಯೋಗಶಾಲೆಗೆ ಕೆಲಸವಿಲ್ಲ, ಮೂಗೇ ಸಾಕು. ಮಲಮೂಲದ ಕೋಲಿಫಾರ್ಮ್ ಸ್ನಾನದ ನೀರಿನಲ್ಲಿ 100 ಮಿಲಿಲೀಟರಿಗೆ 500ರೊಳಗಿದ್ದರೆ ಒಳ್ಳೆಯದು, 2500 ಮೀರಬಾರದು ಎಂಬುದು ನಮ್ಮ ದೇಶದ ಕಟ್ಟಳೆ. ಹಸಿ ಕೊಳಚೆಯಲ್ಲಿ ಅದು ಹತ್ತು ಲಕ್ಷದ ಲೆಕ್ಕದಲ್ಲಿರುತ್ತದೆ. ವರ್ಷದ ಬಹುಭಾಗ ಮರಳಿನ ದಿಬ್ಬ ಬೆಳೆದು ಕೂವಂ ಬಾಯಿ ಮುಚ್ಚಿಕೊಂಡಿರುತ್ತದೆ. ಮಳೆಗಾಲದಲ್ಲಿ ಬಾಯಿ ತೆರೆದು, ಒಳಗಿದ್ದುದೆಲ್ಲ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ, ಕಡಲಿಗೆ ಎದುರಾಗಿ, ನಮ್ಮ ಬಿ. ಜಿ. ಎಲ್. ಸ್ವಾಮಿಯವರು ಸಸ್ಯಶಾಸ್ತ್ರ ಕಲಿಸಿದ ಪ್ರೆಸಿಡೆನ್ಸಿ ಕಾಲೇಜು. ವಿಜ್ಞಾನವನ್ನು ನಗುನಗುತ್ತ ಕನ್ನಡದಲ್ಲಿ ಹೇಳಬಹುದೆಂದು ತೋರಿಸಿಕೊಟ್ಟವರು ಅವರು; ನಮಗೆ ಆ ಕೈ ಬರಲಿಲ್ಲ. ಮಳೆ ನಿಂತ ಭಾನುವಾರ ಮಕ್ಕಳನ್ನು ಮರೀನಕ್ಕೆ ಕರೆದೊಯ್ಯುವವರು ಒಂದು ಸಂಗತಿ ನೆನಪಿಡಬೇಕು. ಉಪ್ಪುನೀರಿನಲ್ಲಿ ಈ ಕೋಲೈ ಬೇಗ ಸಾಯುತ್ತದೆ. ಆದುದರಿಂದ ಅದರ ಸಂಖ್ಯೆ ಕಡಿಮೆಯೆಂದು ಸಮುದ್ರವನ್ನು ನಂಬಲಾಗದು. ಅಲ್ಲಿ ನೋಡಬೇಕಾದುದು ಎಂಟರೊಕಾಕಸ್ ಎಂಬ ಇನ್ನೊಂದು ಕರುಳಿನ ಜೀವಾಣುವನ್ನು. ಅದು ಉಪ್ಪನ್ನು ತಾಳುತ್ತದೆ. ಬೀದಿ ದನಗಳೂ ಹಂದಿಗಳೂ ಪಾಲುದಾರರಾದ ಈ ಊರಿನಲ್ಲಿ ಮಲ ಮನುಷ್ಯನದೋ ದನದ್ದೋ ಎಂಬುದೂ ತಿಳಿಯಬೇಕಾದ ವಿಷಯವೇ; ಈ ಕೋಲೈ ಅದನ್ನೂ ಹೇಳದು. ಬ್ಯಾಕ್ಟೀರಾಯ್ಡಿಸ್ ಎಂಬ ಜೀವಾಣುಗಳ ಡಿ.ಎನ್.ಎ. ನೋಡಿ ಈಗ ಅದನ್ನು ಮಟ್ಟಿಗೆ ಹೇಳಬಲ್ಲರು.

ಮತ್ತೆ ನಮ್ಮ ಸಂಪಿಗೆ ಬರೋಣ. ಸಭೆಯಾದ ಮರುದಿನ ನಾವು ಮೂರು ಕಡೆಯ ನೀರು ತೆಗೆದೆವು: ಬೀದಿಯ ಕೊಳವೆಗೆ ನೇರವಾಗಿ ಸೇರಿದ ಅಂಗಳದ ಕೈಪಂಪು, ಸಂಪು, ಮೇಲಿನ ಟ್ಯಾಂಕು. ಸಹಾಯ ಮಾಡಲು ಬಂದ ಒಬ್ಬರು ಉಪ್ಪಿನಕಾಯಿಯ ಬಾಟಲಿಯನ್ನು ತೊಳೆದು ತಂದಿದ್ದರು. ಅದರಲ್ಲಿ ತೆಗೆದಿದ್ದರೆ ಪರೀಕ್ಷೆಯಾಗುತ್ತಿದ್ದುದು ಉಪ್ಪಿನಕಾಯಿಗೆ. ಬಾಟಲಿಯನ್ನು ಕಾವಿನಲ್ಲಿ ಶುದ್ಧಿ ಮಾಡಿರಬೇಕು. ನೀರಿನಲ್ಲಿರುವ ಕ್ಲೋರಿನ್ ದಾರಿಯಲ್ಲಿ ಕೆಲಸ ಮುಂದುವರಿಸದಂತೆ ಅದರಲ್ಲಿ ಒಂದಿಷ್ಟು ಸೋಡಿಯಂ ಥಯೋಸಲ್ಫೇಟ್ ಇರಬೇಕು. ನಲ್ಲಿಯ ಬಾಯನ್ನು ಒರೆಸಿ, ನೀರನ್ನು ಎರಡು ನಿಮಿಷ ಹರಿಯಬಿಟ್ಟು ಹಿಡಿಯಬೇಕು. ಮಂಜುಗಡ್ಡೆಯಲ್ಲಿಟ್ಟು ಆರು ಗಂಟೆಯೊಳಗೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಪರೀಕ್ಷೆಯ ಮಾನ ಅರ್ಧ ಇರುವುದು ಈ ಬಾಟಲಿಯಲ್ಲೇ.

ಎರಡು ದಿನ ಕಾದೆವು. ಸಂಪಿನ ನೀರಿನ ಹದಿನೈದು ನಳಿಕೆಗಳಲ್ಲೂ ಗುಳ್ಳೆ. ಮೇಲಿನ ಟ್ಯಾಂಕಿನದೂ ಹಾಗೆಯೇ. 44.5 ಡಿಗ್ರಿಯಲ್ಲಿಟ್ಟಾಗಲೂ ಬೆಳೆಯಿತು. ಕೈಪಂಪಿನ ನೀರಿನಲ್ಲಿ ಒಂದು ನಳಿಕೆಯಲ್ಲೂ ಏನೂ ಇಲ್ಲ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಈ ಕೋಲೈ ಒಂದೂ ಕಾಣಬಾರದೆಂದು 2012ರ ಭಾರತೀಯ ಮಾನಕ ಹೇಳುತ್ತದೆ. ಬೀದಿಯ ನೀರು ಅದಕ್ಕೆ ಸರಿಯಾಗಿತ್ತು. ಬೇಲಿ ಮುರಿದಿದ್ದುದು ನಮ್ಮ ಅಂಗಳದಲ್ಲಿ.

ಸಂಪನ್ನು ಬರಿದು ಮಾಡಿಸಿ ಇಳಿದು ನೋಡಿದರೆ ಗೋಡೆಯಲ್ಲಿ ಒಂದು ಬಿರುಕು. ಅದರ ಆಚೆ ನಾಲ್ಕೇ ಅಡಿ ದೂರದಲ್ಲಿ ಒಳಚರಂಡಿಯ ಚೇಂಬರ್. ಮಳೆಯಲ್ಲಿ ಚರಂಡಿ ಕಟ್ಟಿಕೊಂಡು ಚೇಂಬರ್ ತುಂಬಿದಾಗ ನೀರು ನೆಲದಲ್ಲಿಳಿದು ಬಿರುಕಿನಲ್ಲಿ ಒಸರುತ್ತಿತ್ತು. ಬೇಸಗೆಯಲ್ಲಿ ಎಷ್ಟು ಸಲ ಪರೀಕ್ಷಿಸಿದ್ದರೂ ನೀರು ಶುದ್ಧವೆಂದೇ ಬರುತ್ತಿತ್ತು. ಸಹಿ ಮಾಡಿಟ್ಟ ದೂರಿನ ಕಾಗದವನ್ನು ಯಾರು ಹರಿದರೋ ನಾವು ಕೇಳಲಿಲ್ಲ. ಬೀದಿಯ ಕೊಳವೆ ಎಂದೂ ಕೆಡುವುದಿಲ್ಲವೆಂದು ಹೇಳುತ್ತಿಲ್ಲ. ದಿನಕ್ಕೆ ಕೆಲವೇ ಗಂಟೆ ನೀರು ಬಿಡುವ ಊರಿನಲ್ಲಿ, ನೀರು ನಿಂತ ಹೊತ್ತಿನಲ್ಲಿ ಕೊಳವೆ ಬರಿದಾಗಿ, ಸುತ್ತಲ ಮಣ್ಣಿನ ಕೊಳಚೆಯನ್ನು ಸಂದಿನಲ್ಲಿ ಹೀರುತ್ತದೆ. ಕೊಳವೆಗೇ ಮೋಟಾರು ಹಾಕಿ ಎಳೆಯುವ ಜಾಣರು ಈ ಹೀರಾಟಕ್ಕೆ ಇನ್ನಷ್ಟು ಬಲ ಕೊಡುತ್ತಾರೆ. ಯಾವ ಕಡೆಯ ದೋಷವೆಂದು ಕೂಗಾಡಿ ತಿಳಿಯದು, ನಳಿಕೆಗಳನ್ನು ಕೇಳಬೇಕು.

ಬಿರುಕು ಮುಚ್ಚಿಸಿ, ಸಂಪನ್ನು ಉಜ್ಜಿ ತೊಳೆಸಿ, ಆಮೇಲೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರಿನ ಲೆಕ್ಕದಲ್ಲಿ ಕದಡಿ, ತಿಳಿಯನ್ನು ಬೆರೆಸಿ ಒಂದು ಗಂಟೆ ಬಿಟ್ಟೆವು. ವಾರ ಬಿಟ್ಟು ವಾರ ಮೂರು ಸಲ ಪರೀಕ್ಷೆ ಮಾಡಿದೆವು. ಮೊದಲನೆಯದರಲ್ಲಿ ಇನ್ನೂ ಎರಡು ಗುಳ್ಳೆ. ಎರಡನೆಯದರಲ್ಲೂ ಮೂರನೆಯದರಲ್ಲೂ ಇಲ್ಲ. ಇಷ್ಟರಲ್ಲಿ ಡಿಸೆಂಬರ್ ಬಂದಿತ್ತು. ಮೊದಲು ಕುಡಿದ ನೀರಿನ ಬಾಕಿ ಇನ್ನೂ ತೀರಿರಲಿಲ್ಲ: ಇಬ್ಬರಿಗೆ ಕಣ್ಣು ಹಳದಿಯಾಯಿತು. ಅವರಲ್ಲಿ ಒಬ್ಬಳು ಎರಡನೆಯ ಮನೆಯ ಸೊಸೆ, ಐದು ತಿಂಗಳ ಬಸುರಿ. ಮೂರು ವಾರ ಆಸ್ಪತ್ರೆಯಲ್ಲಿದ್ದಳು. ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗ ಇವತ್ತು ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾನೆ. ಸ್ವಲ್ಪ ಹೊತ್ತಿನಲ್ಲಿ ಹಾಡಲಿದ್ದಾನೆ.

ಇದನ್ನೆಲ್ಲ ಕೇಳಿದ ಮೇಲೆ ರಾಯರು, "ಹಾಗಾದರೆ ನಾಲಗೆ ಯಾವುದಕ್ಕೆ?" ಎಂದರು. ಕಾಫಿಗೆ ಎಂದೆವು.

ಮನೆಯಲ್ಲೇ ನೋಡಿಕೊಳ್ಳುವ ಒಂದು ಸುಲಭದ ಬಗೆ ಇದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಶಾಲೆಯಲ್ಲಿ ಮಂಜ, ಮೌರ್ಯ, ರಾವ್ ಎಂಬ ಮೂವರು ಕಂಡುಹಿಡಿದು 1982ರಲ್ಲಿ ಪ್ರಕಟಿಸಿದ್ದು. ಔಷಧಿಯಲ್ಲಿ ನೆನೆಸಿ ಒಣಗಿಸಿದ ಕಾಗದದ ತುಂಡಿರುವ ಒಂದು ಪುಟ್ಟ ಬಾಟಲಿ. ನೀರು ತುಂಬಿ ಬೆಚ್ಚಗಿನ ಮೂಲೆಯಲ್ಲಿ ಇಡಿ. ಚೆನ್ನೈಯಲ್ಲಿ ಯಾವ ಮೂಲೆಯಾದರೂ ಆದೀತು. ಮಲದ ಸೋಂಕಿದ್ದರೆ ಒಂದೆರಡು ದಿನದಲ್ಲಿ ನೀರು ಕಪ್ಪಾಗುತ್ತದೆ. ಮಲದ ಜೊತೆಯಲ್ಲಿ ಬರುವ ಕೆಲವು ಜೀವಾಣುಗಳು ಗಂಧಕದ ವಾಸನೆಯ ಅನಿಲವನ್ನು ಹುಟ್ಟಿಸುತ್ತವೆ, ಅದು ಬಾಟಲಿಯಲ್ಲಿರುವ ಕಬ್ಬಿಣದ ಲವಣವನ್ನು ಕಪ್ಪು ಮಾಡುತ್ತದೆ. ಎಷ್ಟಿವೆಯೆಂದು ಅದು ಹೇಳದು, ವೈರಸ್ಸಿನ ಸುದ್ದಿಯನ್ನೂ ಹೇಳದು. ಕೆಲವು ಬೋರಿನ ನೀರಿನಲ್ಲಿ ಗಂಧಕ ತಾನಾಗಿಯೇ ಇದ್ದು ಸುಳ್ಳು ಹೇಳುವುದೂ ಉಂಟು. ಆದರೂ ಕಪ್ಪಾದ ಬಾಟಲಿಯನ್ನು ಕಂಡವರು ನೀರನ್ನು ಕುದಿಸದೆ ಕುಡಿಯುವುದಿಲ್ಲ. ಭಾಷಣಕ್ಕಿಂತ ಅದು ಬೇಗ ಮನಸ್ಸಿಗೆ ಇಳಿಯುತ್ತದೆ. ಚೆನ್ನಾಗಿ ಕುದಿ ಬಂದ ನೀರಿನಲ್ಲಿ ಜೀವಾಣುವೂ ವೈರಸ್ಸೂ ಮಿಲ್ವಾಕಿಯ ಪರೋಪಜೀವಿಯೂ ಉಳಿಯವು.

ಇಂಥ ಬಾಟಲಿಗಳನ್ನು ಐವತ್ತು ತರಿಸಿ ಕಾರ್ಯದರ್ಶಿಗಳ ಮನೆಯಲ್ಲಿ ಇಟ್ಟಿದ್ದೇವೆ. ದೊಡ್ಡ ಮಳೆಯಾದ ಮೂರನೆಯ ದಿನ ಬಂದು ತೆಗೆದುಕೊಂಡು ಹೋಗಿ, ಸಂಪಿನದೊಂದು, ನಲ್ಲಿಯದೊಂದು, ಕೊಳ್ಳುವ ಕ್ಯಾನಿನ ನೀರಿನದೂ ಒಂದು ತುಂಬಿಡಿ. ಕಪ್ಪಾದರೆ ಭಾನುವಾರ ಬೆಳಗ್ಗೆ ಎಂಟರೊಳಗೆ ನಮಗೆ ತಿಳಿಸಿ; ನಳಿಕೆಯ ಪರೀಕ್ಷೆಗೆ ಬೇಕಾದ ಶುದ್ಧ ಬಾಟಲಿಯನ್ನು ನಾವೇ ತರುತ್ತೇವೆ. ಉಪ್ಪಿನಕಾಯಿಯದು ಬೇಡ.